ಐತವಾರದ ಫಲಿತಾಂಶ

ಹಸಿರು ಇಳಕಲ್ ಸೀರೆಯ ಆ ಹೆಂಗಸು ಸಭಾಭವನದ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ನೇರವಾಗಿ ಬಂದು ಕೃಷ್ಣವ್ವನ ಕೈ ಹಿಡಿದುಕೊಂಡಳು.

"ಎಡಗಡಿ ಮೊಣಕಾಲ ಈಗ ಹೆಂಗೈತ್ರಿ ಅಕ್ಕಾರ? ಎಣ್ಣಿ ಹಚ್ಚೂದು ಬಿಟ್ಟಿಲ್ಲ ಹೌದಿಲ್ಲೋ?"

ಕೃಷ್ಣವ್ವ ನಗುತ್ತಾ ತಲೆಯಾಡಿಸಿದಳು. ಬಂದವಳು ಯಾರೆಂದು ಮಾತ್ರ ಹೊಳೆಯಲಿಲ್ಲ. ಗಂಡನ ಕಡೆಯ ನೆಂಟಳಿರಬೇಕು. ಗಂಡ ಉಳವಪ್ಪನನ್ನು ಕೇಳಿದರೆ, "ನಾ ನಿಮ್ಮ ತವರಿನವರು ಅಂದ್ಕೊಂಡಿದ್ದೆ" ಎಂದ.

ಸವದತ್ತಿಯಲ್ಲಿ ಅಂದು ಉಳವಪ್ಪನ ಪುಸ್ತಕದ ಬಿಡುಗಡೆ. ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಅವನು ಪ್ರತಿ ಐತವಾರ ನೆಂಟರಿಗೆಲ್ಲ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ವಾಟ್ಸಾಪಿನಲ್ಲಿ ಒಂದು ಪತ್ರ ಕಳಿಸುತ್ತಿದ್ದ. ಮೊದಲು ಕಂಪನಿಗಳ ತ್ರೈಮಾಸಿಕ ಫಲಿತಾಂಶ. ಅವನ ಹತ್ತಿರ ಒಂದು ಷೇರೂ ಇರಲಿಲ್ಲ. ಉಳಿದವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಅವನು ಲಾಭ-ನಷ್ಟ ನೋಡುತ್ತಿದ್ದ. ಆಮೇಲೆ ತಾನು ಓದುತ್ತಿರುವ ಪುಸ್ತಕ. ಕೊನೆಗೆ ಮನೆಯ ಸುದ್ದಿ. ಬರೆಯುತ್ತ ಬರೆಯುತ್ತ ಮೂರೂ ಕಲಸಿಹೋಗುತ್ತಿದ್ದವು. 'ಸಿಮೆಂಟ್ ಕಂಪನಿಯ ಲಾಭ ಕುಸಿದಿದೆ. ಕೃಷ್ಣವ್ವನ ಮೊಣಕಾಲೂ ಹಾಗೆಯೇ. ಆದರೆ ಆಡಳಿತ ಮಂಡಳಿ ಮುಂದಿನ ತ್ರೈಮಾಸಿಕದ ಬಗ್ಗೆ ಭರವಸೆ ಇಟ್ಟುಕೊಂಡಿದೆ.'

ನೆಂಟರು ಓದುತ್ತಿರಲಿಲ್ಲ. ಕಿತ್ತೂರಿಗೆ ಕೊಟ್ಟ ಮಗಳು ಶೈಲಶ್ರೀ ಬಾಯಿಬಿಟ್ಟೇ ಹೇಳಿದ್ದಳು: "ಅಪ್ಪಾ, ಸಿಮೆಂಟ್ ತನಕ ಓದತೇನಿ. ಅಲ್ಲಿಗೆ ತಲಿ ಗಟ್ಟಿ ಆಗಿಬಿಡತೈತಿ."

ಓದುತ್ತಿದ್ದವರು ಬೈಲಹೊಂಗಲದ ನಿಜಗುಣಪ್ಪ ಕಾಕಾ ಒಬ್ಬರೇ. ನಿವೃತ್ತ ಪ್ರಾಚಾರ್ಯರು, ಯಾರ ಮನೆಯ ಕಾರ್ಯವಿದ್ದರೂ ಎದ್ದು ನಿಂತು ಭಾಷಣ ಮಾಡುವವರು. ಮದುವೆ-ಮುಂಜಿಯಲ್ಲಿ ಸಿಕ್ಕಾಗಲೆಲ್ಲ, "ಭಾಳ ಚಲೋ ಬರಿಯಾಕತ್ತೀಯಲೇ" ಎಂದು ಬೆನ್ನು ತಟ್ಟುತ್ತಿದ್ದರು. ಫೋನಿನಲ್ಲಿ ಅವರೊಡನೆ ಮಾತಾಡುವುದು ಕೃಷ್ಣವ್ವನ ಪಾಲು. ಉಳವಪ್ಪನದು ಬರವಣಿಗೆ ಮಾತ್ರ. ಪ್ರತಿ ಐತವಾರ ಅವರಿಂದ ತಪ್ಪದೆ ಕೈಮುಗಿದ ಚಿತ್ರವೊಂದು ಬರುತ್ತಿತ್ತು. ಒಮ್ಮೊಮ್ಮೆ, 'ಮುಂದ ಏನಾತ್ರಿ?' ಎದುರಿಗೆ 'ಲೇ' ಎನ್ನುವ ಹಿರಿಯರು ಬರವಣಿಗೆಯಲ್ಲಿ 'ರೀ' ಹಚ್ಚುತ್ತಾರಲ್ಲ ಎಂದು ಉಳವಪ್ಪನ ಕಣ್ಣು ತುಂಬುತ್ತಿತ್ತು. ಲೇಖಕನಿಗೆ ಸಲ್ಲಬೇಕಾದ ಮರ್ಯಾದೆ ಅಂದರೆ ಅದು.

ಅವರೊಬ್ಬರ ಧೈರ್ಯದ ಮೇಲೆಯೇ ಪತ್ರಗಳೆಲ್ಲ ಪುಸ್ತಕವಾದವು. ಬಿಡುಗಡೆಗೂ ಅವರೇ.

ಹಸಿರು ಸೀರೆಯವಳು ಈಗ ಶೈಲಶ್ರೀಯನ್ನು ಹಿಡಿದಿದ್ದಳು. "ಕಾರ್ ಲೈಸೆನ್ಸ್ ಆತೇನವಾ? ರಿವರ್ಸ್ ತಗೊಳ್ಳೂವಾಗ ಹೆದರಬ್ಯಾಡ." ಶೈಲಶ್ರೀ ತಾನು ನಪಾಸಾದದ್ದನ್ನು ಅತ್ತೆಗೂ ಹೇಳಿರಲಿಲ್ಲ. ಅಪ್ಪನ ಕಡೆ ಕೆಕ್ಕರಿಸಿ ನೋಡಿದಳು.

ಅಷ್ಟರಲ್ಲಿ ಆಕೆ ಉಳವಪ್ಪನ ಮುಂದೆಯೇ ಬಂದು ನಿಂತಳು.

"ಸರ್, ಆ ಪತ್ತೇದಾರಿ ಕಾದಂಬರಿಯೊಳಗ ವಕೀಲನ್ನ ಕೊಂದವರು ಯಾರ್ರಿ? ನೀವು ಅರ್ಧಾ ಬರದು ಬಿಟ್ರಿ. ಮುಂದಿನ ವಾರ ಬ್ಯಾಂಕಿನ ಫಲಿತಾಂಶ ಬಂತು, ಕೊಲಿ ಮರತ ಹೋತು. ನನಗ ನಿದ್ದಿ ಇಲ್ಲ."

ಇಂಥ ಪ್ರಶ್ನೆ ಉಳವಪ್ಪನಿಗೆ ಜನ್ಮದಲ್ಲಿ ಬಂದಿರಲಿಲ್ಲ. "ಅಡಿಗಿ ಮಾಡೂ ಮುದುಕಿ" ಎಂದ ಮೆಲ್ಲಗೆ.

"ನನಗ ಆಕಿ ಮ್ಯಾಲ ಮದಲಿಂದ ಸಂಶೆ ಇತ್ತು!" ಎಂದು ಆಕೆ ಚಪ್ಪಾಳೆ ಹೊಡೆದು ನಕ್ಕಳು. ಉಳವಪ್ಪನೂ ನಕ್ಕ. ಅವನು ಹಾಗೆ ನಕ್ಕದ್ದನ್ನು ಕೃಷ್ಣವ್ವ ಬಹಳ ವರ್ಷದಿಂದ ನೋಡಿರಲಿಲ್ಲ. ಗಂಡನ ರಟ್ಟೆ ಹಿಡಿದು ವೇದಿಕೆಯ ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ನೆಂಟರಿಗಷ್ಟ ಕಳಸತೇನಿ ಅಂದಿದ್ರಿ. ಈಕಿ ಯಾವ ನಮೂನಿ ನೆಂಟಳ್ರಿ?"

"ಆಣಿ ಮಾಡಿ ಹೇಳತೇನಿ, ಆಕಿ ಯಾರಂತ ನನಗ ಗೊತ್ತಿಲ್ಲ."

"ನಿಮಗ ಗೊತ್ತಿಲ್ಲದಾಕಿಗೆ ನನ್ನ ಮೊಣಕಾಲ ಗೊತ್ತು! ಇದು ತಿಳಿಯೂಮಟಾ ನಾ ಸ್ಟೇಜ್ ಹತ್ತಂಗಿಲ್ಲ."

ಹೇಳಿದಂತೆಯೇ ಕೃಷ್ಣವ್ವ ಕೊನೆಯ ಸಾಲಿನಲ್ಲಿ ಹೋಗಿ ಕುಳಿತಳು. ಸಿರಾದ ತಟ್ಟೆ ಬಂದರೂ ಮುಟ್ಟಲಿಲ್ಲ. ವೇದಿಕೆಯ ಮೇಲೆ ಲೇಖಕರ ಪತ್ನಿಯ ಕುರ್ಚಿ ಖಾಲಿ. ಜನ ಪಿಸುಗುಡತೊಡಗಿದರು. ನಿಜಗುಣಪ್ಪ ಕಾಕಾ ಆಗಲೇ ಎದ್ದು ಎರಡೂ ಕೈಯಿಂದ ಮೈಕ್ ಹಿಡಿದಿದ್ದರು. ಅವರು ಮೈಕ್ ಹಿಡಿದರೆ ಇನ್ನು ಅವಸರವಿಲ್ಲ. ಉಳವಪ್ಪ ಸದ್ದಿಲ್ಲದೆ ಕೆಳಗಿಳಿದು ಹಸಿರು ಸೀರೆಯವಳ ಪಕ್ಕ ಬಂದು ಕುಳಿತ. ಮರುಗಳಿಗೆಯಲ್ಲಿ ಕೃಷ್ಣವ್ವ ಇನ್ನೊಂದು ಪಕ್ಕದಲ್ಲಿದ್ದಳು. ಮೊಣಕಾಲು ಅಡ್ಡ ಬರಲಿಲ್ಲ.

"ತಪ್ಪ ತಿಳೀಬ್ಯಾಡ್ರಿ ತಂಗಿ, ತಾವು ಯಾರು?" ಎಂದು ಉಳವಪ್ಪ ಕೇಳಿದ.

"ಯಶೋಧಾ ಅಂತ್ರಿ. ಸಾಲಹಳ್ಳಿಯೊಳಗ ನಮ್ಮದು ಹಿಟ್ಟಿನ ಗಿರಣಿ ಐತಿ. ಐತವಾರ ಗಿರಣಿ ಬಂದ್. ನಮ್ಮತ್ತಿಗೆ ನಿಮ್ಮ ಪತ್ರ ಜೋರಾಗಿ ಓದಿ ಹೇಳತೇನ್ರಿ. ಅಕ್ಕಾರ ಮೊಣಕಾಲಿಗೆ ನಮ್ಮತ್ತಿ ಹರಕಿ ಹೊತ್ತಾರ."

ಕೃಷ್ಣವ್ವನ ಸಿಟ್ಟು ಸ್ವಲ್ಪ ಇಳಿಯಿತು. "ನಿಮಗ ಪತ್ರ ಯಾರು ಕಳಸತಾರವಾ?"

"ಇವರ ಕಳಸತಾರ್ರಿ! ಹೊಸಾ ಸಿಮ್ ತಗೊಂಡ ವಾರದಿಂದ ಬರಾಕತ್ತಾವು. ತಪ್ಪಿ ಬರಾಕತ್ತಾವು ಅಂತ ಹೇಳಬೇಕಂದೆ. ಹೇಳಿದ್ರ ನಿಲ್ಲಸತಾರ ಅಂತ ಸುಮ್ಮನಾದೆ. ಇವತ್ತಿನ ಕಾರ್ಯಕ್ರಮದ ಕರಿಯೋಲೆನೂ ಬಂತು, ತಡೀಲಾಗಲಿಲ್ಲ."

"ಹಂಗಾದ್ರ ನಿಮ್ಮ ನಂಬರ್ ಯಾವುದು?" ಉಳವಪ್ಪ ಜೇಬಿನಿಂದ ಫೋನ್ ತೆಗೆದ.

"ತಡೀರಿ, ರಿಂಗ್ ಕೊಡತೇನಿ" ಎಂದು ಯಶೋಧಾ ತನ್ನ ಫೋನ್ ಒತ್ತಿದಳು.

ವೇದಿಕೆಯ ಮೇಲೆ ಕಾಕಾನ ದನಿ ಏರಿತ್ತು. "ಉಳವಪ್ಪ ನನಗ ಕಳಿಸಿದ ಒಂದೊಂದು ಪತ್ರಾನೂ ನಾ ಎರಡೆರಡು ಸಲ ಓದೇನಿ!" ಸಭೆ ಚಪ್ಪಾಳೆ ತಟ್ಟಿತು.

ಉಳವಪ್ಪನ ಅಂಗೈಯಲ್ಲಿ ಫೋನ್ ನಡುಗಿತು. ಪರದೆಯ ಮೇಲೆ ಹೆಸರು ಮೂಡಿತು: ನಿಜಗುಣಪ್ಪ ಕಾಕಾ.