ಅವ್ವನ ಸೀರೆಗೆ ಎಕ್ಕದ ಹೂ

ಬಿಸಿಲಿಗೆ ಕಾದ ಬಣ್ಣದ ಡಬ್ಬಿಯ ವಾಸನೆ ಈಗಲೂ ಮೂಗಿಗೆ ಬಡಿದರೆ ಮೊಳಕಾಲ್ಮೂರಿನ ಆ ಬೇಸಿಗೆಯ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಅವ್ವನಿಗೆಂದೇ ನೇಯಲಿದ್ದ ಸೀರೆಯ ಮೈಮೇಲೆ ಅಲ್ಲಲ್ಲಿ ಬರುವ ಬುಟ್ಟಾಕ್ಕೆ ಹೊಸ ಹೂ ಬೇಕಿತ್ತು. "ಇಬ್ರೂ ಒಂದೊಂದು ಹೂ ಬರೀರಿ. ಯಾರದು ಚಂದ ಬರ್ತೈತೋ ಅದನ್ನೇ ಹಾಕ್ತೀನಿ" ಎಂದು ನನಗೂ ಪಕ್ಕದ ಮನೆಯ ಮೆಕ್ಯಾನಿಕ್‌ನ ಮಗಳು ನಸ್ರೀನಳಿಗೂ ಹೇಳಿದ್ದರು. ಅವ್ವನ ಸೀರೆಯಲ್ಲಿ ನನ್ನ ಹೂವೇ ಇರಬೇಕೆಂದು ನಾನು ಆಗಲೇ ನಿರ್ಧರಿಸಿಬಿಟ್ಟಿದ್ದೆ.

ಗುಡ್ಡದ ಬುಡದಲ್ಲಿ ಎಕ್ಕದ ಗಿಡದ ಮುಂದೆ ಕುಳಿತೆವು. ಬಣ್ಣ ಹಾಳೆ ಮುಟ್ಟುತ್ತಲೇ ಒಣಗುತ್ತಿತ್ತು. ನಾನು ಗೊಂಚಲಿನ ಒಂಬತ್ತು ಹೂವನ್ನೂ ಬಿಡದೆ ಬರೆದು, ಎಲೆಯ ಮೇಲಿನ ಬೂದಿಯಂಥ ಪುಡಿಯನ್ನೂ ಚಿತ್ರದಲ್ಲಿ ತಂದು, ಕೆಳಗೆ ತಾರೀಖು ಬರೆದೆ. ನಸ್ರೀನ್ ಒಂದೇ ಹೂವನ್ನು ಮೇಲಿನಿಂದ ಬಗ್ಗಿ ನೋಡಿ, ಐದು ಎಸಳು ಬರೆದು ಎದ್ದಳು.

"ಅಷ್ಟೇನಾ? ಸೋಮಾರಿ" ಎಂದೆ.

"ನೆತ್ತಿ ಸುಡ್ತೈತೆ ಕಣೇ. ನೀನು ಇಡೀ ಗುಡ್ಡನೇ ಬರಿ" ಎಂದು ನಕ್ಕಳು.

ಅಪ್ಪ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಗೋಡೆಗೆ ಹಾಕಾಕೆ ಚಂದ ಐತೆ. ಬುಟ್ಟಾದಾಗೆ ಇಷ್ಟೊಂದು ಎಲೆ ಹಿಡಿಯಲ್ಲ" ಎಂದು ಪಕ್ಕಕ್ಕಿಟ್ಟರು. ನಸ್ರೀನಳ ಹೂವಿನ ಮೇಲೆ ಬೆರಳಾಡಿಸುತ್ತ, ಎಸಳಿಗೆ ಎಷ್ಟು ಎಳೆ ಬೇಕೆಂದು ಲೆಕ್ಕ ಹಾಕತೊಡಗಿದರು. ಮಗ್ಗದ ಹಲಗೆಯ ಮೇಲೆ ಸ್ವಲ್ಪ ಸರಿದು ಅವಳಿಗೂ ಜಾಗ ಮಾಡಿದರು.

"ಬಾ ಮಗಳೇ, ಕೂತ್ಕೊ. ಬಣ್ಣನೂ ನೀನೇ ಹೇಳು."

"ನೇರಳೆ ಹಾಕ್ರಿ, ಮಾಮ."

ಅಪ್ಪ ಅದುವರೆಗೆ ಮಗಳೇ ಎಂದು ಕರೆಯುತ್ತಿದ್ದುದು ನನ್ನೊಬ್ಬಳನ್ನೇ.