ಕಟುಕನ ಸಾವಿರ ವರ್ಷ

ಕುರಿಮರಿಯ ಕೊರಳಿಗೆ ಚೂರಿ ಇಟ್ಟ ಕಟುಕ ಬಖೀತನ ಕೈ ತಡೆದು ನಿಂತಿತು. ಮರಿ ಅವನ ಇನ್ನೊಂದು ಕೈಯನ್ನು ನೆಕ್ಕುತ್ತಿತ್ತು.

“ಏನಾಯ್ತು ರೀ? ಈಸ್ಟರ್ ಮಾಂಸಕ್ಕೆ ಅಸ್ಯೂತಿನ ಅರ್ಧ ಊರು ಕಾದಿದೆ,” ಎಂದಳು ಮರಿಯ ಕಾಲು ಹಿಡಿದಿದ್ದ ಹೆಂಡತಿ ಮುಫೀದಾ.

“ಕ್ರಿಸ್ತ ಬಂದು ಭೂಮಿಯನ್ನ ಸಾವಿರ ವರ್ಷ ಆಳ್ತಾನಂತೆ. ಆಗ ತೋಳ, ಕುರಿಮರಿ ಒಟ್ಟಿಗೇ ಮೇಯ್ತವೆ ಅಂದ್ರು ಪಾದ್ರಿ. ಅಲ್ಲಿ ನನಗೇನು ಕೆಲಸ?”

“ತೋಳಕ್ಕೆ ಹುಲ್ಲು ಮಾರಿ! ತೂಕದಲ್ಲಿ ಮಾತ್ರ ಮೋಸ ಮಾಡ್ಬೇಡಿ.”

ಬಖೀತ ನಗುತ್ತ ಕಣ್ಣು ಮುಚ್ಚಿದ. ನೈಲ್ ದಂಡೆಯುದ್ದಕ್ಕೂ ಹಸಿರು ಮೇವು, ಜೇನಿನಂಥ ಬಿಸಿಲು. ತೋಳವೊಂದು ಹುಲ್ಲು ಮೇಯುತ್ತಿತ್ತು, ಪಕ್ಕದಲ್ಲೇ ಕುರಿಮರಿ. ಅವನು ಬರಿಗೈಯಲ್ಲಿ ಹತ್ತಿರ ಹೋದ. ಮರಿ ತಲೆಯೆತ್ತಿ ಅವನನ್ನು ನೋಡಿತು, ಬೆದರಿ ತೋಳದ ಹಿಂದೆ ಅಡಗಿಕೊಂಡಿತು.

“ಅದರ ಕಾಲು ಬಿಡೇ, ಮುಫೀದಾ,” ಎಂದ ಬಖೀತ.