ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಹಾಲಿನ ಪುಡಿ ಮಾಡುವ ಆ ಕಾರ್ಖಾನೆಯಲ್ಲಿ ಮೂರು ಮಹಡಿ ಎತ್ತರದ ಉಕ್ಕಿನ ಗೋಪುರವಿತ್ತು. ಮೇಲಿನಿಂದ ಹಾಲನ್ನು ಮಂಜಿನಂತೆ ಸಿಂಪಡಿಸಿ ಬೆಂಕಿಯಂಥ ಬಿಸಿಗಾಳಿ ಬಿಟ್ಟರೆ, ಕೆಳಗೆ ಬೀಳುವಷ್ಟರಲ್ಲಿ ಅದು ಪುಡಿಯಾಗಿರುತ್ತಿತ್ತು. ಗೋಡೆಗಂಟಿದ ಪುಡಿ ಕೆರೆಯಲು ಒಳಹೋಗುವವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು. ಅಲ್ಲಿ ಚಪ್ಪಲಿ ಇರುವತನಕ ಗಾಳಿ ಬಿಡುವಂತಿಲ್ಲ. ಅದು ಅಲ್ಲಿಯವರೇ ಮಾಡಿಕೊಂಡ ಕಟ್ಟಳೆ.

ಸ್ವಿಚ್ಚಿನ ಮುಂದೆ ನಿಂತಿದ್ದ ದೇವೀರಯ್ಯನಿಗೆ ಬಾಗಿಲಲ್ಲಿ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಕಂಡಿತು. ಕೆರೆಯುವ ಸರದಿ ಮರಿಸಿದ್ದನದು.

“ಇನ್ನೂ ಎಷ್ಟೊತ್ರೀ? ಹಾಲು ಒಡೆದುಹೋಗುತ್ತೆ!” ಮ್ಯಾನೇಜರ್ ಸಿಡುಕಿದರು.

“ಮರಿಸಿದ್ದ ಒಳಗವ್ನೆ ಸಾ. ಚಪ್ಪಲಿ ಅಲ್ಲೇ ಅವೆ.”

ದೇವೀರಯ್ಯ ಬಾಗಿಲಿಗೆ ಮುಖವಿಟ್ಟು ಕೂಗಿದ. “ಲೋ ಮರಿಸಿದ್ದ!” ಒಳಗೆ ಬರೀ ಕತ್ತಲು, ಬಿಳಿ ದೂಳು. ಅವನದೇ ದನಿ ಒಂದು ಸುತ್ತು ಹಾಕಿ ವಾಪಸ್ಸು ಬಂತು.

“ಯಾಕಣ್ಣೋ?” ಉತ್ತರ ಬಂದದ್ದು ಬೆನ್ನ ಹಿಂದಿನ ಕ್ಯಾಂಟೀನಿನಿಂದ. “ಟೀ ಕುಡೀತಾ ಇವ್ನಿ, ಬಂದೆ!”

ದೇವೀರಯ್ಯನಿಗೆ ಹೋದ ಜೀವ ಬಂದಂತಾಯಿತು. ಬಾಗಿಲು ಜಡಿದು ಸ್ವಿಚ್ಚು ಒತ್ತಿದ. ಬಿಸಿಗಾಳಿ ಭೋರೆಂದಿತು. ಒಳಗಿನಿಂದ ಗೋಡೆ ಧಪಧಪನೆ ಬಡಿದುಕೊಂಡಿತು. ಪುಡಿಯ ಹೆಂಟೆ ಉದುರುತ್ತಿರಬೇಕು ಅಂದುಕೊಂಡ. ಆಮೇಲೆ ಅದೂ ನಿಂತಿತು.

ಮರಿಸಿದ್ದ ಬಾಯಿ ಒರೆಸಿಕೊಳ್ಳುತ್ತ ಬಂದ.

“ಚಪ್ಪಲೀನ ಇಲ್ಲಿ ಬುಟ್ಟು ಬರಿಗಾಲಲ್ಲಿ ಟೀ ಕುಡಿಯಕ್ಕೆ ಹೋಯ್ತಾರೇನ್ಲಾ? ನನ್ ಜೀವ ಬಾಯಿಗ್ ಬಂದಿತ್ತು!”

ಮರಿಸಿದ್ದ ಬಗ್ಗಿ ತನ್ನ ಪಾದ ನೋಡಿಕೊಂಡ.

“ನನ್ ಚಪ್ಪಲಿ ನನ್ ಕಾಲಲ್ಲೇ ಅವೆಯಲ್ಲಣ್ಣ?”